ನೆಲದಾಳಕ್ಕೆ ಇಂಗಾಲ ತುಂಬಿದರೆ ನೆಲ ನಡುಗುತ್ತದೆಯೇ?

ಓದುಗರ ಪ್ರಶ್ನೆ: "ನಾನು ಅಣ್ಣಿಗೇರಿಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ವಿದ್ಯುತ್ ಸ್ಥಾವರ ಮತ್ತು ಸಿಮೆಂಟ್ ಕಾರ್ಖಾನೆಗಳ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ ದಖ್ಖನ್ನಿನ ಕಪ್ಪು ಕಲ್ಲಿನೊಳಗೆ ತುಂಬಿಡಬಹುದು ಎಂದು ಓದಿದೆ. ಆ ಕಲ್ಲು ನಮಗೆ ಉತ್ತರದಲ್ಲಿ, ಬೆಳಗಾವಿ ಮತ್ತು ವಿಜಯಪುರದ ಕಡೆ ಹರಡಿದೆ. 1967ರಲ್ಲಿ ಕೊಯ್ನಾ ಭೂಕಂಪವಾದಾಗ ಅಡುಗೆಮನೆಯ ನಾಗಂದಿಗೆಯ ಮೇಲಿನ ಭಾಂಡೆಗಳು ಉರುಳಿದ್ದನ್ನು ನನ್ನ ತಂದೆ ಹೇಳುತ್ತಿದ್ದರು. ಅಣೆಕಟ್ಟಿನ ನೀರಿಗೇ ನೆಲ ಹಾಗೆ ನಡುಗಿದ್ದರೆ, ಒತ್ತಡ ಹಾಕಿ ಅನಿಲ ತುಂಬಿದಾಗ ಏನಾದೀತು? ಊರ ಕಟ್ಟೆಯ ಮೇಲೆ ಕೆಲವರು ಅದು ನೆಲದೊಳಗಿನ ಬಾಂಬ್ ಎನ್ನುತ್ತಾರೆ; ಇನ್ನು ಕೆಲವರು ಸಣ್ಣ ಕಂಪನಗಳಾದಷ್ಟೂ ಒಳ್ಳೆಯದು, ದೊಡ್ಡದು ತಪ್ಪುತ್ತದೆ ಎನ್ನುತ್ತಾರೆ. ನನ್ನ ತಮ್ಮ ಬಸವನಬಾಗೇವಾಡಿಯ ಕಡೆ ಹೊಲ ಕೊಂಡಿದ್ದಾನೆ. ಅಣ್ಣಿಗೇರಿಯ ನಮ್ಮ ಮನೆ ಅಜ್ಜನ ಕಾಲದ ಮಣ್ಣಿನ ಮಾಳಿಗೆಯದು. ಇಂಥ ಯೋಜನೆ ಬಂದರೆ ನಾವು ಹೆದರಬೇಕೇ? ಕಂಪನದ ಅಪಾಯವನ್ನು ಹತೋಟಿಯಲ್ಲಿಡುವುದು ಸಾಧ್ಯವೇ?"

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೆಲದಾಳಕ್ಕೆ ಒತ್ತಡದಲ್ಲಿ ಯಾವುದೇ ದ್ರವವನ್ನಾಗಲಿ ಅನಿಲವನ್ನಾಗಲಿ ತುಂಬಿದರೆ ಕಂಪನ ಹುಟ್ಟಬಹುದು. ಇದು ಊಹೆಯಲ್ಲ, ಸುಮಾರು ಅರವತ್ತು ವರ್ಷಗಳಿಂದ ಅಳೆದು ನೋಡಿದ ಸಂಗತಿ. ಹಾಗೆ ಹುಟ್ಟುವ ಕಂಪನಗಳಲ್ಲಿ ಬಹುಪಾಲು ಉಪಕರಣಕ್ಕೆ ಮಾತ್ರ ಗೊತ್ತಾಗುವಷ್ಟು ಚಿಕ್ಕವು. ಅವು ದೊಡ್ಡವಾಗುತ್ತವೆಯೋ ಇಲ್ಲವೋ ಎಂಬುದು ಎಲ್ಲಿ ತುಂಬುತ್ತೇವೆ, ಎಷ್ಟು ಬೇಗ ತುಂಬುತ್ತೇವೆ, ಆಳದಲ್ಲಿ ಈಗಾಗಲೇ ಜಾರಲು ಸಿದ್ಧವಾಗಿರುವ ಸ್ತರಭಂಗಕ್ಕೆ, ಅಂದರೆ ಬಂಡೆಗಳ ನಡುವಿನ ಹಳೆಯ ಸೀಳಿಗೆ, ಆ ಒತ್ತಡ ಮುಟ್ಟುತ್ತದೆಯೇ ಎಂಬುದರ ಮೇಲೆ ನಿಂತಿದೆ. ಶಿಲೆಗಳೊಳಗಿನ ಒತ್ತಡ ಮತ್ತು ಬಿರುಕುಗಳ ಅಧ್ಯಯನವೇ ನನ್ನ ವೃತ್ತಿ. ಅಪಾಯದ ಬಹುಪಾಲು ಬಾವಿ ಕೊರೆಯುವ ಮೊದಲೇ, ಜಾಗ ಆರಿಸುವ ಹೊತ್ತಿಗೇ ತೀರ್ಮಾನವಾಗಿಬಿಟ್ಟಿರುತ್ತದೆ ಎಂಬುದು ಆ ಅಧ್ಯಯನದಿಂದ ನನಗೆ ಖಚಿತವಾದ ವಿಷಯ. ಆಮೇಲೆ ಮಾಡುವ ಎಚ್ಚರಿಕೆಗಳು ಬೇಕೇ ಬೇಕು, ಆದರೆ ಕೆಟ್ಟ ಜಾಗವನ್ನು ಅವು ಒಳ್ಳೆಯದಾಗಿಸುವುದಿಲ್ಲ.

ನಿಮ್ಮ ಊರಿನ ಮಟ್ಟಿಗೆ ಸಮಾಧಾನದ ಮಾತನ್ನೇ ಹೇಳಬಹುದು. ಇಂಗಾಲದ ಡೈಆಕ್ಸೈಡನ್ನು ತುಂಬಿಡಲು ಸಾಮಾನ್ಯವಾಗಿ ಹುಡುಕುವುದು ಸೂಕ್ಷ್ಮ ರಂಧ್ರಗಳು ಹೇರಳವಾಗಿರುವ ಮರಳುಗಲ್ಲಿನಂಥ ಶಿಲೆಯನ್ನು. ಅದು ನೆಲದಿಂದ ಸುಮಾರು 800 ಮೀಟರಿಗಿಂತ ಕೆಳಗಿರಬೇಕು, ಅದರ ಮೇಲೆ ಅನಿಲವನ್ನು ಹಾಯಗೊಡದ ಜೇಡಿಶಿಲೆಯ ದಪ್ಪ ಹೊದಿಕೆ ಇರಬೇಕು. 800 ಮೀಟರಿನ ಲೆಕ್ಕಕ್ಕೆ ಕಾರಣವಿದೆ: 31 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನೂ ವಾಯುಮಂಡಲದ ಒತ್ತಡದ ಸುಮಾರು 73 ಪಟ್ಟನ್ನೂ ದಾಟಿದ ಮೇಲೆ ಈ ಅನಿಲ ಹೆಚ್ಚುಕಡಿಮೆ ದ್ರವದಷ್ಟು ಸಾಂದ್ರವಾಗಿ ಕಡಿಮೆ ಜಾಗದಲ್ಲಿ ಹಿಡಿಯುತ್ತದೆ, ಮತ್ತು ಆ ಸ್ಥಿತಿ ಸಿಗುವುದು ಅಷ್ಟು ಆಳದಲ್ಲಿಯೇ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಎರೆಮಣ್ಣಿನ ಕೆಳಗೆ ಇರುವುದಾದರೂ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದಾದ ಶಿಸ್ಟ್, ಗ್ರೇವ್ಯಾಕ್, ಗ್ನೈಸ್ ಮತ್ತು ಗ್ರಾನೈಟ್. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನು ಕೊಟ್ಟಿದ್ದರು. ಕಪ್ಪತಗುಡ್ಡವೂ ಇದೇ ಪ್ರಾಚೀನ ಶಿಲೆಗಳದ್ದು. ಇಂಥ ಕಲ್ಲಿನಲ್ಲಿ ನೀರು ನಿಲ್ಲುವುದೇ ಬಿರುಕುಗಳಲ್ಲಿ. ಒಬ್ಬರ ಬೋರ್‌ವೆಲ್‌ಗೆ ನೀರು ಬಿದ್ದು ಪಕ್ಕದ ಹೊಲದವರಿಗೆ ಬೀಳದಿರುವುದು ಇದೇ ಕಾರಣಕ್ಕೆ. ಲಕ್ಷಾಂತರ ಟನ್ ಅನಿಲವನ್ನು ಹಿಡಿದಿಡುವ ಜಾಗ ಇದರಲ್ಲಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲು ನಿಮಗೆ ನೆನಪಾಗಬಹುದು. ಅದು ಗುಡ್ಡಗಳಾಗಿ ನೆಲದ ಮೇಲೆಯೇ ತೆರೆದು ನಿಂತಿದೆ, ಹೊದಿಕೆಯಿಲ್ಲ, ಹಾಗಾಗಿ ಅದೂ ಈ ಕೆಲಸಕ್ಕೆ ಬಾರದು. ಆದ್ದರಿಂದ ಅಣ್ಣಿಗೇರಿಯ ಕೆಳಗೆ ಯಾರಾದರೂ ಇಂಗಾಲ ತುಂಬುವರೆಂಬ ಚಿಂತೆಯನ್ನು ನೀವು ಬಿಡಬಹುದು. ನಿಜವಾಗಿ ವಿಚಾರ ಮಾಡಬೇಕಾದದ್ದು ನಿಮ್ಮ ತಮ್ಮನವರ ಹೊಲವಿರುವ ಉತ್ತರದ ಕಪ್ಪುಕಲ್ಲಿನ ಪ್ರದೇಶವನ್ನು.

ಅಲ್ಲಿಗೆ ಹೋಗುವ ಮುನ್ನ ಒತ್ತಡದಿಂದ ಕಂಪನ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯಬೇಕು. ಭೂಮಿಯ ಹೊರಪದರದಲ್ಲಿ ಎಲ್ಲ ಕಡೆಯೂ ಹಳೆಯ ಸೀಳುಗಳಿವೆ. ಸೀಳಿನ ಎರಡೂ ಬದಿಯ ಬಂಡೆಗಳನ್ನು ಭೂಮಿಯೊಳಗಿನ ಬಲಗಳು ಜಾರಿಸಲು ನೋಡುತ್ತಿರುತ್ತವೆ; ಬಂಡೆಗಳು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡಿರುವುದರಿಂದ ಹುಟ್ಟುವ ಘರ್ಷಣೆ ಅವನ್ನು ಹಿಡಿದಿಟ್ಟಿರುತ್ತದೆ. ಸೀಳಿನೊಳಗಿನ ನೀರಿನ ಒತ್ತಡ ಏರಿದರೆ ಅದು ಎರಡೂ ಬದಿಗಳನ್ನು ಸ್ವಲ್ಪ ದೂರ ತಳ್ಳುತ್ತದೆ, ಬಿಗಿತ ಕಡಿಮೆಯಾಗುತ್ತದೆ, ಘರ್ಷಣೆ ಸೋಲುತ್ತದೆ. ಬಿಸಿನೀರಿನಲ್ಲಿ ತೊಳೆದ ಲೋಟವನ್ನು ಒದ್ದೆಯಾದ ಅಡುಗೆಕಟ್ಟೆಯ ಮೇಲೆ ಬೋರಲು ಹಾಕಿದರೆ, ಒಳಗಿನ ಗಾಳಿ ಕಾದು ಹಿಗ್ಗಿ ಲೋಟವನ್ನು ಕೂದಲೆಳೆಯಷ್ಟು ಎತ್ತಿ, ಯಾರೂ ಮುಟ್ಟದೆಯೇ ಅದು ಸರಕ್ಕನೆ ಜಾರುವುದನ್ನು ನೀವು ನೋಡಿರಬಹುದು. ಆಳದಲ್ಲಿ ನಡೆಯುವುದೂ ಅದೇ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ತುಂಬಿದ ವಸ್ತುವೇ ಸ್ತರಭಂಗದವರೆಗೆ ಹೋಗಬೇಕಾಗಿಲ್ಲ. ಅದು ತಳ್ಳಿದ ನೀರಿನ ಒತ್ತಡ ಅದಕ್ಕಿಂತ ಬಹಳ ಮುಂದೆ, ಕಿಲೋಮೀಟರುಗಟ್ಟಲೆ ದೂರ ಹರಡಬಲ್ಲದು. ಮತ್ತು ಕಂಪನದ ಶಕ್ತಿ ಪಂಪಿನಿಂದ ಬಂದದ್ದಲ್ಲ. ಅದು ಭೂಮಿಯೊಳಗೆ ಸಾವಿರಾರು ವರ್ಷಗಳಿಂದ ಕೂಡಿಟ್ಟ ಶಕ್ತಿ. ಪಂಪು ಮಾಡುವುದು ಅದನ್ನು ಬಿಡಿಸುವ ಕೆಲಸ ಮಾತ್ರ. ಅದಕ್ಕೇ ತುಂಬಿದ ಪ್ರಮಾಣವನ್ನಷ್ಟೇ ನೋಡಿ ಕಂಪನದ ಗಾತ್ರವನ್ನು ಹೇಳಿಬಿಡಲು ಬರುವುದಿಲ್ಲ.

ನಿಮ್ಮ ತಂದೆಯವರ ಮಾತು ಇಲ್ಲಿ ತುಂಬ ಪ್ರಸ್ತುತ. ಕೊಯ್ನಾ ಅಣ್ಣಿಗೇರಿಯಿಂದ ನೇರ ಗೆರೆಯಲ್ಲಿ ಸುಮಾರು 280 ಕಿ.ಮೀ. ದೂರ; ಅಲ್ಲಿಯ ಶಿವಾಜಿ ಸಾಗರದಲ್ಲಿ 1962ರಿಂದ ನೀರು ನಿಲ್ಲತೊಡಗಿತು, ಸಣ್ಣ ಕಂಪನಗಳು ಶುರುವಾದವು, 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3 ತೀವ್ರತೆಯ ಭೂಕಂಪವಾಗಿ ಸುಮಾರು 200 ಜನ ಸತ್ತರು. ಅಲ್ಲಿ ಯಾರೂ ನೆಲದೊಳಕ್ಕೆ ಪಂಪು ಇಟ್ಟಿರಲಿಲ್ಲ. ಜಲಾಶಯದ ಭಾರ ಮತ್ತು ಬಿರುಕುಗಳ ಮೂಲಕ ನಿಧಾನವಾಗಿ ಕೆಳಗಿಳಿದ ನೀರಿನ ಒತ್ತಡವೇ ಸಾಕಾಯಿತು. ಇಂದಿಗೂ ಆ ಪ್ರದೇಶದಲ್ಲಿ ಜಲಾಶಯದ ಮಟ್ಟ ಏರಿಳಿದಂತೆ ಕಂಪನಗಳು ಮರುಕಳಿಸುತ್ತಿವೆ. ವಿಜ್ಞಾನಿಗಳು ಅಲ್ಲಿ ಸುಮಾರು 3 ಕಿ.ಮೀ. ಆಳದ ಬಾವಿಯನ್ನೇ ಕೊರೆದು ನೋಡಿದ್ದಾರೆ: ಮೇಲಿನ ಸುಮಾರು 1.2 ಕಿ.ಮೀ. ಬಸಾಲ್ಟ್, ಅಂದರೆ ನೀವು ಹೇಳುವ ಕಪ್ಪುಕಲ್ಲು. ಅದರ ಕೆಳಗೆ ಗ್ರಾನೈಟ್ ಮತ್ತು ಗ್ನೈಸಿನ ತಳಶಿಲೆ. ಭೂಕಂಪಗಳು ಹುಟ್ಟುವುದು ಹೆಚ್ಚಾಗಿ ಆ ತಳಶಿಲೆಯಲ್ಲಿ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪವಾಗಿ ಹತ್ತು ಸಾವಿರದಷ್ಟು ಜನ ಸತ್ತಾಗಲೂ ಕಲಿತ ಪಾಠ ಇದೇ: ಸ್ಥಿರವೆಂದು ನಂಬಿದ್ದ ದಖ್ಖನ್ನಿನ ಕಪ್ಪು ಹೊದಿಕೆಯ ಕೆಳಗೆ, ಕಣ್ಣಿಗೆ ಕಾಣದ, ಜಾರಲು ಸಿದ್ಧವಾದ ಸ್ತರಭಂಗಗಳು ಇರಬಲ್ಲವು.

ಪಂಪು ಮಾಡಿದಾಗ ಏನಾಗುತ್ತದೆ ಎಂಬುದಕ್ಕೂ ದಾಖಲೆ ಸಾಕಷ್ಟಿದೆ. ಅಮೆರಿಕದ ಡೆನ್ವರ್ ಬಳಿ 1962ರಿಂದ ತ್ಯಾಜ್ಯದ್ರವವನ್ನು ಸುಮಾರು 3.7 ಕಿ.ಮೀ. ಆಳದ ತಳಶಿಲೆಗೆ ತುಂಬಿದಾಗ ಕಂಪನಗಳು ಶುರುವಾದವು. 1966ರಲ್ಲಿ ನಿಲ್ಲಿಸಿದರೂ ಅತಿ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ. ಇದರ ಹಿನ್ನೆಲೆಯಲ್ಲಿ ಅದೇ ಕೊಲೊರಾಡೋ ರಾಜ್ಯದ ರೇಂಜ್ಲಿ ತೈಲಕ್ಷೇತ್ರದಲ್ಲಿ ಭೂವಿಜ್ಞಾನಿಗಳು ಒತ್ತಡವನ್ನು ಬೇಕೆಂದೇ ಏರಿಸಿ ಇಳಿಸಿ ನೋಡಿದರು. ಒಂದು ಮಿತಿಯನ್ನು ದಾಟಿದಾಗ ಕಂಪನ ಶುರುವಾಗುತ್ತಿತ್ತು, ಇಳಿಸಿದಾಗ ನಿಲ್ಲುತ್ತಿತ್ತು. ಓಕ್ಲಹಾಮದಲ್ಲಿ 2009ಕ್ಕೂ ಮೊದಲು 3ಕ್ಕಿಂತ ಹೆಚ್ಚಿನ ತೀವ್ರತೆಯ ಕಂಪನ ವರ್ಷಕ್ಕೆ ಒಂದೆರಡು ಆಗುತ್ತಿದ್ದುದು, ತೈಲಬಾವಿಗಳ ಉಪ್ಪುನೀರನ್ನು ತಳಶಿಲೆಗೆ ತಾಗಿಕೊಂಡ ಪದರಕ್ಕೆ ಭಾರೀ ಪ್ರಮಾಣದಲ್ಲಿ ತುಂಬತೊಡಗಿದ ಮೇಲೆ 2015ರಲ್ಲಿ ಸುಮಾರು 900ಕ್ಕೆ ಏರಿತು. 2016ರ ಸೆಪ್ಟೆಂಬರಿನಲ್ಲಿ ಪಾನಿ ಪಟ್ಟಣದ ಬಳಿ 5.8 ತೀವ್ರತೆಯದು ಆಯಿತು. ತುಂಬುವ ಪ್ರಮಾಣವನ್ನು ಕಡಿಮೆ ಮಾಡಿದ ಮೇಲೆ ಸಂಖ್ಯೆ ಇಳಿಯಿತು.

ಇಂಗಾಲದ ಡೈಆಕ್ಸೈಡಿನ ದಾಖಲೆ ಇಲ್ಲಿಯವರೆಗೆ ಇವುಗಳಿಗಿಂತ ಬಹಳ ಶಾಂತವಾಗಿದೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ನಾರ್ವೆಯ ಸ್ಲೈಪ್ನರ್‌ನಲ್ಲಿ 1996ರಿಂದ ಸಮುದ್ರತಳದ ಕೆಳಗಿನ ಮೃದುವಾದ, ವಿಶಾಲವಾದ ಮರಳುಗಲ್ಲಿಗೆ ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಆಸುಪಾಸು ತುಂಬಿದರೂ ಹೇಳಿಕೊಳ್ಳುವಂಥ ಕಂಪನವಿಲ್ಲ. ಅಮೆರಿಕದ ಡಿಕೇಟರ್‌ನಲ್ಲಿ 2011ರಿಂದ 2014ರವರೆಗೆ ಸುಮಾರು 2.1 ಕಿ.ಮೀ. ಆಳದಲ್ಲಿ ಹತ್ತು ಲಕ್ಷ ಟನ್ ತುಂಬಿದಾಗ ಸಾವಿರಾರು ಸೂಕ್ಷ್ಮ ಕಂಪನಗಳು ದಾಖಲಾದವು; ಅತಿ ದೊಡ್ಡದೂ ಮನುಷ್ಯರಿಗೆ ತಿಳಿಯುವಷ್ಟಿರಲಿಲ್ಲ. ಆದರೆ ಅವುಗಳಲ್ಲಿ ಬಹಳಷ್ಟು ಹುಟ್ಟಿದ್ದು ತುಂಬಿದ ಪದರದಲ್ಲಲ್ಲ, ಅದರ ಕೆಳಗಿನ ತಳಶಿಲೆಯಲ್ಲಿ. ಈ ವಿವರವನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಒತ್ತಡ ಎಲ್ಲಿಗೆ ದಾರಿ ಹುಡುಕುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಅಲ್ಜೀರಿಯಾದ ಇನ್ ಸಲಾಹ್‌ನಲ್ಲಿ 2004ರಿಂದ ಸುಮಾರು 38 ಲಕ್ಷ ಟನ್ ತುಂಬಿದಾಗ ಬಾವಿಗಳ ಮೇಲಿನ ಮರುಭೂಮಿಯ ನೆಲ ವರ್ಷಕ್ಕೆ ಕೆಲವು ಮಿಲಿಮೀಟರಿನಷ್ಟು ಉಬ್ಬುತ್ತಿರುವುದನ್ನು ಉಪಗ್ರಹಗಳು ಅಳೆದವು. ಹೊದಿಕೆಯ ಶಿಲೆ ಬಿರಿಯಬಹುದೆಂಬ ಆತಂಕದಿಂದ 2011ರಲ್ಲಿ ತುಂಬುವುದನ್ನೇ ನಿಲ್ಲಿಸಿದರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಜೋಬ್ಯಾಕ್ ಮತ್ತು ಸ್ಟೀವನ್ ಗೊರೆಲಿಕ್ 2012ರಲ್ಲಿ ಎತ್ತಿದ ವಾದವನ್ನು ಇಲ್ಲಿ ಹೇಳಬೇಕು. ಅವರ ಚಿಂತೆ ಮುಖ್ಯವಾಗಿ ಮನೆಗಳು ಬೀಳುವುದರ ಬಗ್ಗೆ ಇರಲಿಲ್ಲ. ಖಂಡಗಳ ಒಳಭಾಗದ ಗಡಸು ಶಿಲೆಗಳಲ್ಲಿ ಭಾರೀ ಪ್ರಮಾಣದಲ್ಲಿ ತುಂಬಿದರೆ ಸಣ್ಣ ಮತ್ತು ಮಧ್ಯಮ ಕಂಪನಗಳಾಗುವ ಸಂಭವ ಹೆಚ್ಚು, ಅಂಥ ಒಂದು ಕಂಪನವೂ ಹೊದಿಕೆಯಲ್ಲಿ ದಾರಿ ಮಾಡಿಕೊಟ್ಟರೆ ನೂರಾರು ವರ್ಷ ಕೂಡಿಡಬೇಕಾದ ಅನಿಲ ಮೇಲೆ ಬರುತ್ತದೆ ಎಂಬುದು ಅವರ ಮಾತು. ಎಲ್ಲ ಭೂವಿಜ್ಞಾನಿಗಳೂ ಇದನ್ನು ಒಪ್ಪಲಿಲ್ಲ. ಸ್ಲೈಪ್ನರ್‌ನಂಥ ಮೃದುಶಿಲೆಗಳಲ್ಲಿ ಅಪಾಯ ಕಡಿಮೆ ಎಂದು ಹಲವರು ತೋರಿಸಿದರು. ನನಗೆ ಎರಡೂ ಕಡೆಯ ಮಾತು ಒಂದೇ ಕಡೆಗೆ ಬೆರಳು ತೋರಿಸುವಂತೆ ಕಾಣುತ್ತದೆ: ಮೃದುವಾದ, ದಪ್ಪವಾದ, ತಳಶಿಲೆಯಿಂದ ದೂರವಿರುವ ಪದರ ಸುರಕ್ಷಿತ, ಗಡಸಾದ, ತಳಶಿಲೆಗೆ ಅಂಟಿಕೊಂಡ ಪದರ ಅಪಾಯಕರ. ನಮ್ಮ ದಖ್ಖನ್ ಎರಡನೆಯದಕ್ಕೆ ಹತ್ತಿರವಿದೆ.

ಹಾಗಿದ್ದರೆ ಬಸಾಲ್ಟಿನ ಮಾತು ಬಂದದ್ದೇಕೆ ಎಂದು ನೀವು ಕೇಳಬಹುದು. ಬಸಾಲ್ಟಿಗೆ ಒಂದು ಅಪರೂಪದ ಗುಣವಿದೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಕಬ್ಬಿಣ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಕಾರ್ಬೊನೇಟ್ ಖನಿಜಗಳಾಗುತ್ತವೆ; ಅಂದರೆ ಅನಿಲ ಕಲ್ಲೇ ಆಗಿಬಿಡುತ್ತದೆ, ಆಮೇಲೆ ಸೋರುವ ಪ್ರಶ್ನೆಯಿಲ್ಲ. ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ಯೋಜನೆ 2012ರಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿಗೆ ಇಳಿಸಿತು. ಎರಡು ವರ್ಷದೊಳಗೆ ಶೇಕಡ 95ಕ್ಕಿಂತ ಹೆಚ್ಚು ಖನಿಜವಾಯಿತೆಂದು 2016ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿತು. ಅಮೆರಿಕದ ವಲ್ಲೂಲಾದಲ್ಲಿ 2013ರಲ್ಲಿ ಸುಮಾರು ಸಾವಿರ ಟನ್ನನ್ನು ನೀರಿಲ್ಲದೆ ನೇರವಾಗಿ ಬಸಾಲ್ಟಿಗೆ ತುಂಬಿದಾಗಲೂ ಎರಡು ವರ್ಷಗಳಲ್ಲಿ ಕಾರ್ಬೊನೇಟ್ ಗಂಟುಗಳು ಕಾಣಿಸಿಕೊಂಡವು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಖ್ಖನ್ ಬಸಾಲ್ಟಿನ ಈ ಸಾಧ್ಯತೆಯನ್ನು ಅಧ್ಯಯನ ಮಾಡಿದ್ದಾರೆ. ಈ ರಸಾಯನಶಾಸ್ತ್ರ ನಿಜಕ್ಕೂ ಆಶಾದಾಯಕ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನನ್ನ ಆಕ್ಷೇಪ ಇರುವುದು ನೀರು, ದಪ್ಪ ಮತ್ತು ತಳಶಿಲೆಯ ಬಗ್ಗೆ. ಐಸ್‌ಲ್ಯಾಂಡಿನ ವಿಧಾನಕ್ಕೆ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ನಿಮ್ಮ ತಮ್ಮನವರ ಹೊಲದ ಕಡೆಯೇ ಇರುವ ಕೂಡಗಿಯ 2,400 ಮೆಗಾವಾಟ್ ಸ್ಥಾವರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಯ ಅನಿಲವನ್ನು ನೆಲಕ್ಕೆ ತುಂಬುವರೆಂದು ನಾನು ಹೇಳುತ್ತಿಲ್ಲ, ಇದು ಗಾತ್ರ ತಿಳಿಯಲು ಮಾಡಿದ ಲೆಕ್ಕ ಮಾತ್ರ. ಅಂಥ ಸ್ಥಾವರ ಚೆನ್ನಾಗಿ ಓಡಿದರೆ ವರ್ಷಕ್ಕೆ ಒಂದು ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡಬಲ್ಲದು. ಒಂದು ಕೋಟಿ ಟನ್ನಿಗೆ ಇಪ್ಪತ್ತೈದು ಕೋಟಿ ಟನ್ ನೀರು, ಅಂದರೆ ಸುಮಾರು 8.8 ಟಿಎಂಸಿ. ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಒಪ್ಪಿದ್ದು 3.9 ಟಿಎಂಸಿ, ಅಷ್ಟಕ್ಕಾಗಿ ನವಲಗುಂದ, ನರಗುಂದದ ರೈತರು ಎಷ್ಟು ವರ್ಷ ಬೀದಿಯಲ್ಲಿ ಕೂತರೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನೀರನ್ನು ಅದೇ ಪದರದಿಂದ ಎತ್ತಿ ಮತ್ತೆ ಅಲ್ಲಿಗೇ ಇಳಿಸಬಹುದು, ಆದ್ದರಿಂದ ಅಷ್ಟೂ ನೀರು ಖರ್ಚಾಗುವುದಿಲ್ಲ ಎಂಬುದು ನಿಜ. ಆದರೆ ಅಷ್ಟು ನೀರನ್ನು ಕೊಡುವ ಪದರ ಅಲ್ಲಿ ಇರಬೇಕಲ್ಲ? ಜೊತೆಗೆ ಅಷ್ಟು ನೀರನ್ನು ಇಳಿಸುವುದೆಂದರೆ ಒತ್ತಡದ ಪ್ರಶ್ನೆಯೂ ಮರಳಿ ಬಂತು. ಕಾರ್ಬ್‌ಫಿಕ್ಸ್ ನಡೆದ ಹೆಲ್ಲಿಶೈದಿಯಲ್ಲೇ, ಭೂಶಾಖ ಸ್ಥಾವರದ ಬಳಸಿದ ನೀರನ್ನು 2011ರಲ್ಲಿ ಮರಳಿ ನೆಲಕ್ಕಿಳಿಸತೊಡಗಿದಾಗ 4ರ ಸಮೀಪದ ತೀವ್ರತೆಯ ಕಂಪನಗಳಾಗಿ ಪಕ್ಕದ ಊರಿನವರು ಬೆಚ್ಚಿದ್ದರು. ಅದಕ್ಕೆ ಕಾರಣ ಇಂಗಾಲವಲ್ಲ, ನೀರು.

ದಪ್ಪದ ವಿಷಯ ಇನ್ನೂ ಸರಳ. ಕೊಯ್ನಾದಲ್ಲಿ 1.2 ಕಿ.ಮೀ. ಇರುವ ಬಸಾಲ್ಟ್ ಕಿಲ್ಲಾರಿಯಲ್ಲಿ ಕೊರೆದು ನೋಡಿದಾಗ ಸುಮಾರು 340 ಮೀಟರ್ ಮಾತ್ರ ಇತ್ತು, ಅದರ ಕೆಳಗೆ ಕೆಲವೇ ಮೀಟರಿನ ಮಡ್ಡಿಯ ಪದರ, ಆಮೇಲೆ ಗ್ನೈಸ್. ಕರ್ನಾಟಕದೊಳಗೆ, ಹೊದಿಕೆಯ ದಕ್ಷಿಣದ ಅಂಚಿಗೆ ಬಂದಂತೆ ಅದು ತೆಳುವಾಗುತ್ತ ಹೋಗುತ್ತದೆ. ನೀರಿಲ್ಲದೆ ತುಂಬಲು 800 ಮೀಟರ್ ಆಳ ಬೇಕೆಂದರೆ ಅಂಚಿನಲ್ಲಿ ಬಸಾಲ್ಟೇ ಮುಗಿದು ತಳಶಿಲೆ ಬಂದಿರುತ್ತದೆ. ಕರಗಿಸಿ ಇಳಿಸುವುದಾದರೆ ಕಡಿಮೆ ಆಳ ಸಾಕು, ಆದರೆ ಆ ಮೇಲ್ಪದರಗಳಲ್ಲಿಯೇ ರೈತರ ಕೊಳವೆಬಾವಿಗಳೂ ಇವೆ. ಈ ಕಾರಣಗಳಿಗಾಗಿ, ದಖ್ಖನ್ನಿನ ದಕ್ಷಿಣ ಅಂಚಿನಲ್ಲಿ ಭಾರೀ ಪ್ರಮಾಣದ ಸಂಗ್ರಹವನ್ನು ನಾನು ಇಂದು ಬೆಂಬಲಿಸಲಾರೆ. ಕೆಲವು ಸಾವಿರ ಟನ್ನಿನ, ಸರಿಯಾಗಿ ಅಳತೆ ಮಾಡುವ ಪ್ರಯೋಗಕ್ಕೆ ನನ್ನ ವಿರೋಧವಿಲ್ಲ.

ಬೇರೆ ದಾರಿಗಳೂ ಇವೆ, ಅವುಗಳಿಗೂ ಅವುಗಳದೇ ತೊಡಕುಗಳಿವೆ. ಕರಾವಳಿಯ ಮತ್ತು ಸಮುದ್ರದಡಿಯ ದಪ್ಪ ಮರಳುಗಲ್ಲಿನ ಜಲಾನಯನಗಳು ತಳಶಿಲೆಯಿಂದ ದೂರವಿರುವುದರಿಂದ ಕಂಪನದ ದೃಷ್ಟಿಯಿಂದ ಉತ್ತಮ. ಆದರೆ ಅಲ್ಲಿಯವರೆಗೆ ಕೊಳವೆಮಾರ್ಗ ಬೇಕು. ಬರಿದಾದ ತೈಲ ಮತ್ತು ಅನಿಲ ಕ್ಷೇತ್ರಗಳಲ್ಲಿ ಒತ್ತಡ ಮೊದಲೇ ಇಳಿದಿರುವುದು ಅನುಕೂಲ, ಹಳೆಯ ಬಾವಿಗಳ ಮೂಲಕ ಸೋರುವ ಸಾಧ್ಯತೆ ಅನಾನುಕೂಲ. ಹಾಗೆಂದು ಹಳೆಯ ಕ್ಷೇತ್ರವೆಂದರೆ ಕಂಪನವೇ ಇಲ್ಲವೆಂದು ನಂಬಬಾರದು: ಸ್ಪೇನಿನ ಕರಾವಳಿಯಾಚೆಯ ಹಳೆಯ ತೈಲಕ್ಷೇತ್ರವೊಂದರಲ್ಲಿ ಇಂಧನ ಅನಿಲವನ್ನು ಸಂಗ್ರಹಿಸಲು ಹೊರಟ ಕಾಸ್ಟರ್ ಯೋಜನೆ 2013ರಲ್ಲಿ 4ನ್ನು ಮೀರಿದ ಕಂಪನಗಳಿಂದಾಗಿ ಮುಚ್ಚಿಹೋಯಿತು. ಆಳದ ಉಪ್ಪುನೀರನ್ನು ಇನ್ನೊಂದು ಬಾವಿಯಿಂದ ಹೊರತೆಗೆದು ಒತ್ತಡವನ್ನು ಸಮ ಮಾಡುವುದು ತತ್ವದಲ್ಲಿ ಬಹಳ ಒಳ್ಳೆಯ ಉಪಾಯ. ಆಸ್ಟ್ರೇಲಿಯಾದ ಗಾರ್ಗನ್‌ನಲ್ಲಿ ಅದಕ್ಕಾಗಿ ಕೊರೆದ ಬಾವಿಗಳಲ್ಲಿ ಮರಳು ಸಿಕ್ಕಿಕೊಂಡು, ತುಂಬುವ ಪ್ರಮಾಣವನ್ನೇ ಗುರಿಗಿಂತ ಕಡಿಮೆ ಇಡಬೇಕಾಯಿತು.

ಇನ್ನು ಕಟ್ಟೆಯ ಮೇಲಿನ ಮಾತುಗಳು. ಇದು ಬಾಂಬ್ ಅಲ್ಲ: ಇಂಗಾಲದ ಡೈಆಕ್ಸೈಡ್ ಉರಿಯುವುದಿಲ್ಲ, ಬೆಂಕಿ ಆರಿಸಲು ಬಳಸುವ ಅನಿಲವೇ ಅದು. ಅದರ ನಿಜವಾದ ಅಪಾಯ ಬೇರೆ. ಗಾಳಿಗಿಂತ ಭಾರವಾದ್ದರಿಂದ ಹೆಚ್ಚಿನ ಪ್ರಮಾಣದಲ್ಲಿ ಹೊರಬಂದರೆ ತಗ್ಗಿನಲ್ಲಿ ನಿಂತು ಉಸಿರು ಕಟ್ಟಿಸುತ್ತದೆ. 2020ರ ಫೆಬ್ರವರಿಯಲ್ಲಿ ಅಮೆರಿಕದ ಸತಾರ್ಷಿಯಾ ಎಂಬ ಹಳ್ಳಿಯ ಬಳಿ ಇದರ ಕೊಳವೆಮಾರ್ಗ ಒಡೆದಾಗ ಹತ್ತಾರು ಜನ ಆಸ್ಪತ್ರೆ ಸೇರಿದರು. ಆದ್ದರಿಂದ ಊರಿನ ಮಗ್ಗುಲಲ್ಲಿ ಹಾಯುವ ಕೊಳವೆಯ ಬಗ್ಗೆ ಕೇಳುವುದು, ಎರಡು ಕಿಲೋಮೀಟರ್ ಕೆಳಗಿರುವ ಅನಿಲದ ಬಗ್ಗೆ ಕೇಳುವಷ್ಟೇ ಮುಖ್ಯ. ಸಣ್ಣ ಕಂಪನಗಳು ದೊಡ್ಡದನ್ನು ತಪ್ಪಿಸುತ್ತವೆ ಎಂಬುದು ಮಾತ್ರ ಅಪಾಯಕರವಾದ ತಪ್ಪು ನಂಬಿಕೆ. ತೀವ್ರತೆ ಒಂದಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು. ಹಾಗಾಗಿ 6ರ ಒಂದು ಭೂಕಂಪದ ಶಕ್ತಿಯನ್ನು ಕಳೆಯಲು 4ರವು ಸಾವಿರ ಬೇಕು. ತುಂಬುವ ಕಡೆ ಸಣ್ಣ ಕಂಪನಗಳು ಹೆಚ್ಚುತ್ತಿದ್ದರೆ ಅದನ್ನು ಎಚ್ಚರಿಕೆಯೆಂದೇ ಓದಬೇಕು.

ಆ ಎಚ್ಚರಿಕೆಯನ್ನು ಓದುವ ರೂಢಿಯ ಕ್ರಮಕ್ಕೆ ಟ್ರಾಫಿಕ್ ಸಿಗ್ನಲ್ ಪದ್ಧತಿ ಎನ್ನುತ್ತಾರೆ. ಕಂಪನ ಒಂದು ಮಿತಿಯೊಳಗಿದ್ದರೆ ಹಸಿರು, ಕೆಲಸ ಮುಂದುವರಿಯುತ್ತದೆ. ಅದನ್ನು ಮೀರಿದರೆ ಹಳದಿ, ತುಂಬುವ ವೇಗ ಇಳಿಸಬೇಕು. ಇನ್ನೂ ಮೇಲಿನ ಮಿತಿ ದಾಟಿದರೆ ಕೆಂಪು, ನಿಲ್ಲಿಸಬೇಕು. ಇದು ಉಪಯುಕ್ತ, ಆದರೆ ಇದೊಂದನ್ನೇ ನಂಬುವುದು ತಪ್ಪು. ಡೆನ್ವರಿನಲ್ಲಿ ಆದಂತೆ, ನಿಲ್ಲಿಸಿದ ಮೇಲೂ ಒತ್ತಡ ಹರಡುತ್ತಲೇ ಇರುತ್ತದೆ. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಭೂಶಾಖ ಯೋಜನೆಗಾಗಿ ನೀರು ತುಂಬುತ್ತಿದ್ದ ಕಡೆ 2017ರ ಏಪ್ರಿಲ್‌ನಲ್ಲಿ 3ನ್ನು ಮೀರಿದ ಕಂಪನವಾಗಿತ್ತು. ಕೆಲಸ ಮತ್ತೆ ಮುಂದುವರಿಯಿತು. ನವೆಂಬರ್ 15ರಂದು 5.5ರ ಭೂಕಂಪವಾಯಿತು. 2019ರಲ್ಲಿ ವರದಿ ಕೊಟ್ಟ ತನಿಖಾ ಸಮಿತಿ, ತುಂಬಿದ ನೀರೇ ಅದನ್ನು ಪ್ರಚೋದಿಸಿತೆಂದು ಹೇಳಿತು. ಸಿಗ್ನಲ್ ಇತ್ತು, ಸಣ್ಣ ಕಂಪನಗಳು ಯಾವ ಸ್ತರಭಂಗದ ಮೇಲೆ ಸಾಲುಗಟ್ಟುತ್ತಿವೆ ಎಂಬುದನ್ನು ಸಕಾಲದಲ್ಲಿ ಓದಿ, ಅದರಂತೆ ನಡೆಯುವ ಏರ್ಪಾಡು ಇರಲಿಲ್ಲ. ಇದಕ್ಕೆ ತದ್ವಿರುದ್ಧವಾದ, ನಾನು ಮೆಚ್ಚುವ ಉದಾಹರಣೆ ನಾರ್ವೆಯ ಸ್ನೋವಿಟ್. ಅಲ್ಲಿ 2008ರಲ್ಲಿ ತುಂಬಲು ಶುರುಮಾಡಿದ ಪದರದಲ್ಲಿ ಒತ್ತಡ ಲೆಕ್ಕ ಹಾಕಿದ್ದಕ್ಕಿಂತ ಬೇಗ ಏರಿತು; ಅಳೆಯುತ್ತಿದ್ದ ಎಂಜಿನಿಯರುಗಳು ಕಲ್ಲು ಬಿರಿಯುವ ಮಿತಿ ಬರುವವರೆಗೆ ಕಾಯದೆ 2011ರಲ್ಲಿ ಬೇರೆ ಪದರಕ್ಕೆ ಬದಲಾಯಿಸಿದರು. ಕಂಪನವನ್ನು ಕಾಯುವುದಕ್ಕಿಂತ ಒತ್ತಡವನ್ನು ಕಾಯುವುದು ಮೇಲು, ಏಕೆಂದರೆ ಒತ್ತಡ ಮೊದಲು ಬರುತ್ತದೆ.

ನಿಮ್ಮ ತಮ್ಮನವರ ಭಾಗದಲ್ಲಿ ಇಂಥ ಪ್ರಸ್ತಾವ ಬಂದು ಸಾರ್ವಜನಿಕ ಅಹವಾಲು ಸಭೆ ನಡೆದರೆ, "ಭೂಕಂಪ ಆಗುತ್ತದೆಯೇ" ಎಂದು ಮಾತ್ರ ಕೇಳಬೇಡಿ. ಅದಕ್ಕೆ ಯಾರೂ "ಇಲ್ಲ" ಎಂದು ಹೇಳಿ ಕುಳಿತುಬಿಡಬಹುದು. ತುಂಬುವ ಪದರದಿಂದ ತಳಶಿಲೆಗೆ ಎಷ್ಟು ಮೀಟರ್, ನಡುವೆ ಒತ್ತಡವನ್ನು ತಡೆಯುವ ಪದರ ಯಾವುದು ಎಂದು ಕೇಳಿ. ಬಾವಿಯ ತಳದಲ್ಲಿ ಗರಿಷ್ಠ ಒತ್ತಡ ಎಷ್ಟೆಂದು ನಿಗದಿ ಮಾಡಿದ್ದಾರೆ, ಆ ಕಲ್ಲು ಬಿರಿಯುವ ಒತ್ತಡವನ್ನು ಅಲ್ಲಿಯೇ ಅಳೆದಿದ್ದಾರೆಯೇ ಅಥವಾ ಪುಸ್ತಕದಿಂದ ತೆಗೆದಿದ್ದಾರೆಯೇ ಎಂದು ಕೇಳಿ. ಎಲ್ಲಕ್ಕಿಂತ ಹೆಚ್ಚಾಗಿ, ತುಂಬುವ ಮೊದಲು ಎಷ್ಟು ಕಾಲ ಅಲ್ಲಿಯ ಸಹಜ ಕಂಪನಗಳನ್ನು ದಾಖಲಿಸಿದ್ದಾರೆ ಎಂದು ಕೇಳಿ. 2021ರಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ ಯಾವ ಯೋಜನೆಯೂ ಇಲ್ಲದೆ ನೆಲ ಮತ್ತೆ ಮತ್ತೆ ಸದ್ದು ಮಾಡಿ ನಡುಗಿ, ಜನ ಮನೆಯ ಹೊರಗೆ ಮಲಗಿದ್ದರು. ಇಂಥ ಪ್ರದೇಶದಲ್ಲಿ ಮೊದಲ ದಾಖಲೆಯಿಲ್ಲದೆ ತುಂಬತೊಡಗಿದರೆ, ನಾಳೆ ನಡುಗಿದ್ದು ನಿಸರ್ಗದ್ದೋ ಯೋಜನೆಯದ್ದೋ ಎಂದು ಹೇಳಲು ಯಾರಿಗೂ ಸಾಧ್ಯವಾಗುವುದಿಲ್ಲ. ಪರಿಹಾರ ಕೇಳುವವರ ಕೈ ಅಲ್ಲಿಯೇ ಖಾಲಿಯಾಗುತ್ತದೆ. ಕನಿಷ್ಠ ಎರಡು ಮಳೆಗಾಲಗಳನ್ನು ಒಳಗೊಂಡ ದಾಖಲೆ ಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಮಳೆನೀರು ಇಳಿಯುವುದರಿಂದಲೂ ಇಲ್ಲಿಯ ಕಂಪನಗಳು ಏರಿಳಿಯಬಹುದು. ಮತ್ತು ಆ ದಾಖಲೆ ಕಂಪನಿಯ ಕಪಾಟಿನಲ್ಲಿರಬಾರದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಂಥ ಸಂಸ್ಥೆಯ ಬಳಿ, ಜನ ನೋಡುವಂತೆ ಇರಬೇಕು. ಕೆಂಪು ದೀಪ ಹೊತ್ತಿದಾಗ ನಿಲ್ಲಿಸುವ ಅಧಿಕಾರ ತುಂಬುವವರದಲ್ಲದೆ ಬೇರೆಯವರದಾಗಿರಬೇಕು. ಮುಗಿದ ಮೇಲೆ ಎಷ್ಟು ವರ್ಷ ಕಾಯುತ್ತಾರೆ ಎಂಬುದೂ ಬರಹದಲ್ಲಿರಬೇಕು: ಅಮೆರಿಕದ ನಿಯಮ ಸಾಮಾನ್ಯವಾಗಿ 50 ವರ್ಷ ಎನ್ನುತ್ತದೆ, ಯುರೋಪ್ ಒಕ್ಕೂಟದಲ್ಲಿ ಹೊಣೆ ಸರ್ಕಾರಕ್ಕೆ ಹೋಗುವ ಮುನ್ನ ಸಾಮಾನ್ಯವಾಗಿ ಕನಿಷ್ಠ 20 ವರ್ಷ ಕಳೆಯಬೇಕು.

ಕೊನೆಗೆ ನಿಮ್ಮ ಮಾಳಿಗೆ ಮನೆ. ಇಂಗಾಲದ ಯೋಜನೆ ಬರಲಿ ಬಿಡಲಿ, ಇದರ ಬಗ್ಗೆ ನನಗೆ ಹೆಚ್ಚು ಚಿಂತೆಯಿದೆ. ಭೂಕಂಪ ತಾಳುವ ಕಟ್ಟಡಗಳಿಗಾಗಿರುವ ಭಾರತೀಯ ಮಾನಕದ (ಐಎಸ್ 1893) 2016ರ ಆವೃತ್ತಿಯಲ್ಲಿ ಧಾರವಾಡ ಮೂರನೆಯ ಭೂಕಂಪ ವಲಯದಲ್ಲಿದೆ, ಅಂದರೆ ಮಧ್ಯಮ ಪ್ರಮಾಣದ ಅಲುಗಾಟವನ್ನು ಇಲ್ಲಿಯ ಕಟ್ಟಡಗಳು ತಾಳಿಕೊಳ್ಳಬೇಕು. ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತದ್ದು ಮಣ್ಣಿನಲ್ಲಿ ಕೂರಿಸಿದ ದಪ್ಪ ಕಾಡುಗಲ್ಲಿನ ಗೋಡೆ ಮತ್ತು ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆಯ ಕೆಳಗೆ, ಬೆಳಗಿನ ನಾಲ್ಕರ ಹೊತ್ತಿಗೆ, ಎಲ್ಲರೂ ಮಲಗಿದ್ದಾಗ. ಅಂಥ ಗೋಡೆ ಅಲುಗಿದಾಗ ಒಳಮೈ ಮತ್ತು ಹೊರಮೈ ಬೇರೆಬೇರೆಯಾಗಿ ಬಿಚ್ಚಿಕೊಳ್ಳುತ್ತವೆ. ಮಳೆಗೆ ಸೋರುತ್ತದೆಂದು ವರ್ಷವರ್ಷವೂ ಮೇಲೆ ಹಾಕಿದ ಹೆಚ್ಚುವರಿ ಮಣ್ಣನ್ನು ತೆಗೆಸಿ ಮಾಳಿಗೆಯನ್ನು ಹಗುರ ಮಾಡಿಸಿ, ಸೋರಿಕೆಗೆ ಬೇರೆ ಉಪಾಯ ನೋಡಿ. ಗೋಡೆಯ ಎರಡೂ ಮೈಗಳನ್ನು ಹಿಡಿದಿಡುವಂತೆ ಅಲ್ಲಲ್ಲಿ ರಂಧ್ರ ಮಾಡಿ ಕಬ್ಬಿಣದ ಸಲಾಕೆಯೊಂದಿಗೆ ಕಾಂಕ್ರೀಟ್ ತುಂಬಿಸುವುದು, ಬಾಗಿಲು-ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವರಿಯುವ ಬಂಧ ಹಾಕಿಸುವುದು ಕಿಲ್ಲಾರಿಯ ನಂತರ ಆ ಭಾಗದ ಹಳೆಯ ಮನೆಗಳಲ್ಲಿ ಮಾಡಿದ ಕೆಲಸಗಳು. ಇವನ್ನು ಗವಂಡಿಯೊಬ್ಬರಿಗೇ ಬಿಡದೆ ಕಟ್ಟಡಗಳ ಬಲ ನೋಡುವ ಎಂಜಿನಿಯರರಿಗೆ ಗೋಡೆ ತೋರಿಸಿ ಮಾಡಿಸಿ. ರಂಧ್ರ ಕೊರೆಯುವಾಗಲೇ ಹಳೆಯ ಗೋಡೆ ಸಡಿಲವಾಗುವ ಸಂಭವವಿರುವುದರಿಂದ ಒಂದೊಂದೇ ಗೋಡೆಯನ್ನು, ಮಾಳಿಗೆಯ ತೊಲೆಗೆ ಆಧಾರ ಕೊಟ್ಟು, ಬೇಸಿಗೆಯಲ್ಲಿ ಕೈಗೆತ್ತಿಕೊಳ್ಳುವುದು ಸರಿ. ಅಲ್ಲಿಯವರೆಗೆ ಉಬ್ಬಿದ ಅಥವಾ ಸೀಳು ಬಿಟ್ಟ ಗೋಡೆಯ ಮಗ್ಗುಲಿಗೆ ಯಾರ ಹಾಸಿಗೆಯನ್ನೂ ಹಾಕಬೇಡಿ.